ಹೋಸ್ಟಿಂಗ್ ಕೊಳ್ಳುವ ಮುನ್ನ ಮಿತಿ ಕೇಳಿ
‘ಅನ್‌ಲಿಮಿಟೆಡ್’ ಎಂಬ ಜಾಹೀರಾತು ನೋಡಿ ವರ್ಷದ ಹಣ ಕಟ್ಟುವವರು ಮೊದಲು ಸರ್ವರ್‌ನ ಮಿತಿಗಳ ಪಟ್ಟಿ ಹುಡುಕಬೇಕು.

ಸರ್ವರ್‌ನಲ್ಲಿ ಸೈಟ್ ಓಡಿಸುವ ಪಿಎಚ್‌ಪಿ ಭಾಷೆಯ ಮೂಲ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ ಬರೀ 2 ಎಂಬಿ, ಸ್ಕ್ರಿಪ್ಟ್ ಓಡಲು 30 ಸೆಕೆಂಡ್. ಕೆಲವು ಹೋಸ್ಟಿಂಗ್ ಕಂಪನಿಗಳು ಇವನ್ನು ಏರಿಸುತ್ತವೆ. ಕೆಲವು ಮುಟ್ಟಲೂ ಬಿಡುವುದಿಲ್ಲ. ಫೈಲ್‌ಗಳ ಸಂಖ್ಯೆಗೂ ಕಡಿವಾಣವಿರಬಹುದು. ಆಗ ಡಿಸ್ಕ್‌ನಲ್ಲಿ ಜಾಗ ಧಾರಾಳವಾಗಿ ಉಳಿದಿದ್ದರೂ ಇನೋಡ್ (ಅಂದರೆ ಫೈಲ್‌ಗಳ) ಲೆಕ್ಕ ತುಂಬಿತೆಂದರೆ ಹೊಸ ಫೋಟೋ ಏರುವುದಿಲ್ಲ.

ಭದ್ರತೆಗಾಗಿ ಇಂಥ ಮಿತಿಗಳನ್ನೆಲ್ಲ ಗುಟ್ಟಾಗಿಡಬೇಕೆಂಬ ವಾದ ಒಪ್ಪುವಂಥದ್ದಲ್ಲ. ಸೈಟ್ ಹೋಸ್ಟ್ ಮಾಡುವ ಗಿಟ್‌ಹಬ್ ಪೇಜಸ್ ತನ್ನ 1 ಜಿಬಿ ಗಾತ್ರದ ಮಿತಿಯನ್ನೂ ತಿಂಗಳಿಗೆ 100 ಜಿಬಿ ಬ್ಯಾಂಡ್‌ವಿಡ್ತ್‌ನ ಮಿತಿಯನ್ನೂ ಬಹಿರಂಗವಾಗಿ ಬರೆದಿದೆ. ವರ್ಡ್‌ಪ್ರೆಸ್ ಹೋಸ್ಟಿಂಗ್ ಕಂಪನಿ ಡಬ್ಲ್ಯೂಪಿ ಎಂಜಿನ್ ತಾನು ಒಪ್ಪದ ಪ್ಲಗಿನ್‌ಗಳ ಹೆಸರನ್ನೇ ಪ್ರಕಟಿಸಿದೆ.

ಪಟ್ಟಿ ಸಿಗದಿದ್ದರೆ ಇಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ: ಮೆಮೊರಿ ಎಷ್ಟು, ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ (ಕ್ರಾನ್) ಎಷ್ಟು ನಿಮಿಷಕ್ಕೊಮ್ಮೆ, ಗಂಟೆಗೆ ಎಷ್ಟು ಮೇಲ್ ಕಳಿಸಬಹುದು.