ಕುಡಿತ ಬಿಡುವವರ ಸಭೆ: ಹುಡುಕುವುದು ಹೇಗೆ, ಸೇರುವುದು ಹೇಗೆ?

ಹಸು ಒಂದು ಹೊತ್ತು ಮೇವು ಬಿಟ್ಟರೂ ಪಶುವೈದ್ಯರಿಗೆ ಫೋನ್ ಮಾಡುತ್ತೇವೆ. ಮನೆಯಲ್ಲಿ ಗಂಡನೋ ಮಗನೋ ವರ್ಷಗಟ್ಟಲೆ ಕುಡಿಯುತ್ತಿದ್ದರೆ ಮಾತ್ರ ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ. ಬಟವಾಡೆಯ ಹಣ ಎಲ್ಲಿ ಹೋಯಿತು, ಹಿಂಡಿ ಮೂಟೆ ಯಾಕೆ ಬರಲಿಲ್ಲ ಎಂಬುದು ಮನೆಯೊಳಗೇ ಉಳಿಯುತ್ತದೆ. ಕುಡಿತದ ಚಟವನ್ನು ವೈದ್ಯರು ಕಾಯಿಲೆಯೆಂದೇ ನೋಡುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ. ಬಿಟ್ಟವರು ಮತ್ತೆ ಜಾರದಂತೆ ಆಸರೆಯಾಗುವ ಸಭೆಗಳೂ ಇವೆ. ಅಂಥ ಸಭೆಯನ್ನು ಹುಡುಕುವ ದಾರಿಯೇ ಈ ಪಾಠ.

ಮೊದಲು ವೈದ್ಯರು, ಆಮೇಲೆ ಸಭೆ

ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಆಗಬಹುದು. ಇದು ಜೀವಕ್ಕೇ ಅಪಾಯ. ದೇವರ ಮುಂದೆ ಆಣೆ ಮಾಡಿಸಿ ಮನೆಯಲ್ಲಿ ಕೂರಿಸುವ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತೋರಿಸಿ.

ಗೊತ್ತಿಲ್ಲದಂತೆ ಕಾಫಿಗೋ ಸಾರಿಗೋ ಬೆರೆಸಿಕೊಡಿ ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ಖಂಡಿತ ಕೊಡಬೇಡಿ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿ ಮಾತ್ರ ಕೊಡುವ ಔಷಧಿ ಅದು.

ಯಾವ ಯಾವ ಸಭೆಗಳಿವೆ?

ಆಲ್ಕೊಹಾಲಿಕ್ಸ್ ಅನಾನಿಮಸ್: ಜನ ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತದಿಂದ ನೊಂದ ಇಬ್ಬರು ಸೇರಿ ಶುರುಮಾಡಿದ ಕೂಟ, ಅವರಲ್ಲೊಬ್ಬರು ವೈದ್ಯರು. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಶುಲ್ಕವಿಲ್ಲ. ಒಬ್ಬೊಬ್ಬರೂ ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ‘ಇವತ್ತು ಒಂದು ದಿನ ಕುಡಿಯುವುದಿಲ್ಲ’ ಎಂಬುದೇ ಅವರ ಲೆಕ್ಕ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಸಭೆಯ ಕಟ್ಟುಪಾಡು.

ನವಜೀವನ ಸಮಿತಿ: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರ ಮುಗಿಸಿದವರು ಸೇರುವ ಸಮಿತಿ.

ಅಲ್-ಅನಾನ್: ಇದು ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಶುರುವಾದದ್ದು. ಹೆಂಡತಿ, ತಾಯಿ, ಅಕ್ಕತಂಗಿ ಯಾರು ಬೇಕಾದರೂ ಹೋಗಬಹುದು.

ಹುಡುಕುವ ದಾರಿ

1. 14446ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ. ಮನಸ್ಸಿಗೆ ಕಷ್ಟವಾದಾಗ ಮಾತಾಡಲು ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಸಿಗುತ್ತದೆ. ಎರಡಕ್ಕೂ ಕರೆ ಉಚಿತ.

2. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಇಲ್ಲವೇ ಅಲ್ಲಿನ ಆಪ್ತಸಮಾಲೋಚಕರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

3. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ಸ್ವಸಹಾಯ ಸಂಘದವರನ್ನು ಕೇಳಿ. ಶಿಬಿರ ಎಲ್ಲಿ ನಡೆಯಿತು, ಯಾರು ಬಿಟ್ಟರು ಎಂಬುದು ಅವರಿಗೆ ಗೊತ್ತಿರುತ್ತದೆ.

ಸಭೆಯ ವಿಳಾಸ ಸಿಕ್ಕಾಗ ನಾಲ್ಕು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ: ಯಾವ ದಿನ, ಎಷ್ಟು ಹೊತ್ತಿಗೆ? ಕನ್ನಡದಲ್ಲಿ ಮಾತಾಡುತ್ತಾರೆಯೇ? ಮನೆಯವರೂ ಬರಬಹುದಾದ ತೆರೆದ ಸಭೆಯೇ, ಕುಡಿಯುವವರಿಗೆ ಮಾತ್ರವೇ? ಮೊದಲ ದಿನ ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುವವರು ಇದ್ದಾರೆಯೇ? ಹೊಸಬರು ಬರುತ್ತಾರೆಂದರೆ ಹಳಬರು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಅವರು ಬರುವುದಿಲ್ಲ ಎಂದರೆ?

ನೀವೇ ಮೊದಲು ಹೋಗಿ. ಅಲ್-ಅನಾನ್‌ಗಾಗಲಿ ಎ.ಎ.ಯ ತೆರೆದ ಸಭೆಗಾಗಲಿ ಹೋಗಲು ಅವರು ಒಪ್ಪಬೇಕಿಲ್ಲ. ನಿಮ್ಮಂತೆಯೇ ಇದ್ದ ಮನೆಗಳು ಹೇಗೆ ದಾರಿಗೆ ಬಂದವು ಎಂದು ಕೇಳಿದರೆ ಧೈರ್ಯ ಬರುತ್ತದೆ. ಕುಡಿದಾಗ ವಾದ ಬೇಡ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು, ಅವರು ಸರಿಯಾಗಿರುವಾಗ ಒಂದೇ ಮಾತು ಹೇಳಿ: ‘ಒಂದು ಸಲ ಹೋಗಿ ಕೇಳಿಬರೋಣ.’ ಕೈ ಮಾಡಿದರೆ ಸಹಿಸಿಕೊಂಡು ಕೂರಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಬಿಟ್ಟವರು ಮತ್ತೆ ಕುಡಿಯುವುದುಂಟು. ಅಷ್ಟಕ್ಕೇ ಎಲ್ಲ ಮುಗಿಯಿತು ಎನ್ನಬೇಡಿ. ಮುಂದಿನ ಸಭೆ ತಪ್ಪಿಸದಿರುವುದೇ ಮುಖ್ಯ.

ಸಂಘದ ಸದಸ್ಯೆಯರು ಮಾಡಬಹುದಾದದ್ದು

ಸಭೆಗಳು ಹೆಚ್ಚಾಗಿ ಸಂಜೆ. ಅದು ಹಾಲು ಕರೆಯುವ ಹೊತ್ತು. ವಾರಕ್ಕೊಂದು ಸಂಜೆ ಅಕ್ಕಪಕ್ಕದವರು ಕರೆದುಕೊಟ್ಟರೆ ಒಬ್ಬ ಹೆಣ್ಣುಮಗಳು ಸಭೆಗೆ ಹೋಗಿಬರಬಹುದು. ಕೈ ಬದಲಾದರೆ ಕೆಲವು ಹಸು ಹಾಲು ಬಿಡುವುದಿಲ್ಲ. ಎರಡು ದಿನ ಮೊದಲೇ ಜೊತೆಯಲ್ಲಿ ಕೂತು ರೂಢಿ ಮಾಡಿಸಿ. ಎಲ್ಲಿಗೆ, ಯಾಕೆ ಎಂದು ಕೇಳುವುದು ಬೇಡ. ಹಾಲಿನ ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ಸಂಘದ ಫಲಕದಲ್ಲಿ, ಪಶು ಆಸ್ಪತ್ರೆಯ ನಂಬರಿನ ಕೆಳಗೆ, 14446 ಎಂದೂ ಬರೆಸಿ. ಬೇಕಾದವರು ಸುಮ್ಮನೆ ನೋಡಿಕೊಂಡು ಹೋಗುತ್ತಾರೆ.