ಧಾರಾವಾಹಿ ಗೆಲ್ಲುತ್ತಿರುವಾಗಲೇ ಬಿಡಬಹುದೇ?

ಪ್ರಶ್ನೆ: ಹದಿನಾಲ್ಕು ವರ್ಷದಿಂದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ಈಗಿನದಕ್ಕೆ ಒಳ್ಳೆಯ ಟಿಆರ್‌ಪಿ ಇದೆ, ಹಣಕ್ಕೂ ಕೊರತೆಯಿಲ್ಲ. ಆದರೆ ಸೆಟ್‌ನಲ್ಲಿ ಕಲಾವಿದರನ್ನು ಕೂರಿಸಿಕೊಂಡು ಸೀನ್ ಬರೆದು ವಾಟ್ಸ್ಆ್ಯಪ್ ಮಾಡುವ ಬದುಕು ಸಾಕಾಗಿದೆ. ಕಾದಂಬರಿ ಬರೆಯುವಾಸೆ. ‘ಕೈಗೆ ಬಂದ ತುತ್ತು ಬಿಡ್ತೀಯಾ?’ ಎನ್ನುತ್ತಾರೆ ಯಜಮಾನರು. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ವಾರಕ್ಕೆ ಐದಾರು ಸಂಚಿಕೆ ತುಂಬಿಸಬೇಕು, ಗುರುವಾರ ರೇಟಿಂಗ್ ಬಂದರೆ ಕಥೆಯ ದಿಕ್ಕೇ ತಿರುಗಬಹುದು. ಇಷ್ಟು ವರ್ಷ ಅದನ್ನು ನಿಭಾಯಿಸಿದವರಿಗೆ ಸಾಕೆನಿಸುವುದು ಸಹಜ. ಬಿಡಿ ಎಂದೇ ಹೇಳುತ್ತೇನೆ, ಆದರೆ ಸಿದ್ಧರಾಗಿ ಬಿಡಿ.

ಯಜಮಾನರ ಭಯಕ್ಕೆ ಕಾರಣವಿದೆ. ಸಂಚಿಕೆ ಲೆಕ್ಕದ ಸಂಭಾವನೆಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಪ್ರಸಾರವಾಗಿ ತಿಂಗಳುಗಳಾದ ಮೇಲೆ ಪೇಮೆಂಟ್ ಬರುವುದಾದರೆ, ಕೆಲಸ ಬಿಟ್ಟ ನಂತರವೂ ಖಾತೆಗೆ ಹಣ ಬೀಳುತ್ತಿರುತ್ತದೆ. ಅದನ್ನು ನಂಬಿ ಖರ್ಚು ಮಾಡಬೇಡಿ; ಕೈ ಬಿಗಿಯಾಗುವುದು ಅದು ನಿಂತಾಗ. ಬಾಕಿ ಎಷ್ಟೆಂದು ನಿರ್ಮಾಪಕರಿಂದ ಬರೆಸಿಕೊಳ್ಳಿ. ಒಂದೂವರೆ ವರ್ಷದ ಮನೆಖರ್ಚು, ಸಾಲದ ಕಂತು ಬೇರೆ ತೆಗೆದಿಟ್ಟು, ಆ ಲೆಕ್ಕದ ಹಾಳೆಯನ್ನು ಯಜಮಾನರ ಮುಂದಿಡಿ.

ಅಮೆರಿಕದಲ್ಲಿ ‘ಬ್ಯೂಟಿ ಅಂಡ್ ದ ಬೀಸ್ಟ್’ ಧಾರಾವಾಹಿಗೆ ಬರೆಯುತ್ತಿದ್ದ ಜಾರ್ಜ್ ಆರ್.ಆರ್. ಮಾರ್ಟಿನ್ 1991ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿ ಶುರು ಮಾಡಿದರು. ನಡುವೆ ಮತ್ತೆ ಟಿವಿ ಕೆಲಸಕ್ಕೆ ಹೋದರು, ಪುಸ್ತಕ ಬಂದದ್ದು 1996ರಲ್ಲಿ. ನಿಮಗೂ ಒಮ್ಮೆ ಮರಳಬೇಕಾಗಿ ಬಂದರೆ ಅದನ್ನು ಸೋಲೆಂದು ಎಣಿಸಬೇಡಿ.

ನನಗೆ ಹೆಚ್ಚು ಚಿಂತೆಯಿರುವುದು ಬರವಣಿಗೆಯ ಬಗ್ಗೆಯೇ. ಒಗ್ಗರಣೆ ಹಾಕುತ್ತ ಕೇಳುವವರಿಗೂ ತಿಳಿಯಲೆಂದು ಒಂದೇ ಸಂಗತಿಯನ್ನು ಮೂರು ಪಾತ್ರಗಳ ಬಾಯಲ್ಲಿ ಹೇಳಿಸುವುದು ನಿಮಗೆ ರೂಢಿಯಾಗಿದೆ. ಮೌನವನ್ನು ತುಂಬಲು ನಟಿಯ ಮುಖವಿತ್ತು, ಹಿನ್ನೆಲೆ ಸಂಗೀತವಿತ್ತು. ಕಾದಂಬರಿಯಲ್ಲಿ ಆ ಮೌನವನ್ನೂ ನೀವೇ ಬರೆಯಬೇಕು. ಅದಕ್ಕೇ ಮೊದಲು ಸಂಭಾಷಣೆ ತೀರಾ ಕಡಿಮೆಯಿರುವ ಸಣ್ಣಕಥೆಗಳನ್ನು ಬರೆದು ನೋಡಿ, ಕೆಲಸದಲ್ಲಿರುವಾಗಲೇ, ರಜೆಯ ದಿನ. ಮೊದಲೆರಡು ಸೊರಗಿದರೂ ಹೆದರಬೇಡಿ, ಕೈ ಪಳಗಲು ಸಮಯ ಬೇಕು.

ಟ್ರ್ಯಾಕ್ ನಡುವೆ ಮಾತ್ರ ಎದ್ದು ಬರಬೇಡಿ. ಈಗಿನದು ಯಾವ ತಿಂಗಳು ಮುಗಿಯುತ್ತದೆಂದು ಕೇಳಿಕೊಂಡು, ಅಲ್ಲಿಯವರೆಗಷ್ಟೇ ಬರೆಯುವುದಾಗಿ ನಿರ್ದೇಶಕರಿಗೂ ಚಾನೆಲ್‌ಗೂ ಇಮೇಲ್ ಮಾಡಿ. ನಿಮ್ಮ ಜಾಗಕ್ಕೆ ಬರುವವರ ಜೊತೆ ಒಂದೆರಡು ವಾರ ಕೂತು ಪಾತ್ರಗಳ ಮಾತಿನ ಧಾಟಿ ಹೇಳಿಕೊಡಿ.