ಕತೆ ಗೊತ್ತಿದ್ದರೂ ಮತ್ತೆ ಓದು

ಪುಟ್ಟೀ,

ಈ ವರ್ಷ ಐವತ್ತು ಪುಸ್ತಕ ಓದಿ ಮುಗಿಸಬೇಕೆಂದು ಪಣ ತೊಟ್ಟಿದ್ದೀಯಂತೆ, ನಿನ್ನಮ್ಮ ಹೇಳಿದಳು. ಕೇಳಿ ಖುಷಿಯಾಯಿತು. ದಿನವೆಲ್ಲ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬಂದ ಹುಡುಗಿ ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿಯುತ್ತಾಳೆಂದರೆ ಅದು ಸಣ್ಣ ಮಾತಲ್ಲ. ಓದಿದ್ದನ್ನೆಲ್ಲ ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತೀಯಂತೆ, ಅದೂ ಒಳ್ಳೆಯದೇ. ದೊಡ್ಡಮ್ಮನ ಒಂದು ಮಾತನ್ನು ಮಾತ್ರ ಕಿವಿಯಲ್ಲಿ ಹಾಕಿಕೋ. ಆ ಐವತ್ತರಲ್ಲಿ ಅರ್ಧವನ್ನಾದರೂ ನೀನು ಈಗಾಗಲೇ ಓದಿರುವ ಪುಸ್ತಕಗಳಿಗೆ ಬಿಟ್ಟುಕೊಡು.

ಕತೆ ಗೊತ್ತಿದೆಯಲ್ಲ, ಮತ್ತೆ ಯಾಕೆ ಎನ್ನುತ್ತೀಯ. ಕತೆ ಗೊತ್ತಿರುವುದರಿಂದಲೇ. ಮೊದಲ ಸಲ ಓದುವಾಗ ಮುಂದೇನಾಯಿತು ಎನ್ನುವ ಆತುರ ಪುಟ ಮಗುಚಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಕತೆ ಹಾಗೆ ಓಡಿಸಲೇಬೇಕು. ಎರಡನೆಯ ಸಲ ಆ ಅವಸರ ಇರುವುದಿಲ್ಲ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ತಿಳಿದಿರುತ್ತದೆ. ಆಗ ಕಣ್ಣು ಬಿಡುವಾಗಿ, ಕತೆಯ ಅಂಚಿನಲ್ಲಿ ನಿಂತವರ ಕಡೆ ಹೊರಳುತ್ತದೆ. ಯಾರು ನೀರು ಹೊತ್ತರು, ಯಾರು ಉಳಿದದ್ದನ್ನು ಉಂಡರು, ಯಾರನ್ನು ಯಾರೂ ಮಾತಾಡಿಸಲಿಲ್ಲ, ಇವೆಲ್ಲ ಒಂದೊಂದಾಗಿ ಕಾಣಿಸತೊಡಗುತ್ತವೆ. ದೊಡ್ಡ ಲೇಖಕರು ಇಂಥವರನ್ನು ಸುಮ್ಮನೆ ತಂದು ನಿಲ್ಲಿಸಿರುವುದಿಲ್ಲ ಮಗಳೇ. ನಾವು ತಿರುಗಿ ಬಂದು ನೋಡಲಿ ಎಂದೇ ಇಟ್ಟಿರುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗ ನಾನು ಕಪಾಟಿನಿಂದ ಇಳಿಸಿದ್ದು ‘ಗೃಹಭಂಗ’ವನ್ನು. 1970ರ ಪುಸ್ತಕ. ಅವರ ಬೇರೆ ಕಾದಂಬರಿಗಳ ವಿಚಾರದೊಂದಿಗೆ ನೀನು ಜಗಳವಾಡಬಹುದು, ಆಡು. ಇದರ ಮುಂದೆ ಮಾತ್ರ ಜಗಳಕ್ಕೆ ಜಾಗವಿಲ್ಲ. ಚಿಕ್ಕಂದಿನಲ್ಲಿ ಇದನ್ನು ಓದಿದವರೆಲ್ಲ ನೆನಪಿಟ್ಟುಕೊಳ್ಳುವುದು ಪ್ಲೇಗಿನ ಭಾಗವನ್ನು. ಬೆಳೆದು ನಿಂತ ಮಕ್ಕಳು ನಂಜಮ್ಮನ ಕಣ್ಣೆದುರೇ ಹೋಗಿಬಿಡುತ್ತಾರೆ, ಪುಸ್ತಕ ಮುಚ್ಚಿಟ್ಟು ಅಳುವಂತಾಗುತ್ತದೆ. ಈ ಸಲ ನಾನು ಕಣ್ಣಿಟ್ಟದ್ದು ನಂಜಮ್ಮನ ಕೈಗಳ ಮೇಲೆ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವವಳು ಇವಳು. ಮನೆಯ ಹೊಟ್ಟೆಪಾಡಿಗೆ ಮುತ್ತುಗದ ಎಲೆ ಹಚ್ಚುವವಳೂ ಇವಳೇ. ಊಟದ ಎಲೆ ಹಚ್ಚುವುದೆಂದರೆ ಏನೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ನಿನ್ನ ಮುತ್ತಜ್ಜಿ ಹಚ್ಚುವಾಗ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕಡ್ಡಿಯನ್ನು ಸಣ್ಣಗೆ ಸೀಳಿಕೊಳ್ಳಬೇಕು, ಸ್ವಲ್ಪ ದಪ್ಪವಾದರೂ ಎಲೆ ಹರಿಯುತ್ತದೆ. ಎಲೆಯಂಚು ಒಂದರ ಮೇಲೊಂದು ಕೂರುವಂತೆ ಜೋಡಿಸಿ ಚುಚ್ಚಬೇಕು, ಇಲ್ಲದಿದ್ದರೆ ಬಡಿಸಿದ ಸಾರು ಸೋರಿಹೋಗುತ್ತದೆ. ಸಾಯಂಕಾಲದ ಹೊತ್ತಿಗೆ ಬೆರಳ ತುದಿ ಉರಿಯುತ್ತಿರುತ್ತದೆ. ಹೀಗೆ ನೂರು ಎಲೆ ಹಚ್ಚಿದರೆ ಕೈಗೆ ಬರುವ ದುಡ್ಡು ಎಷ್ಟು, ಆ ದುಡ್ಡನ್ನು ಮಕ್ಕಳ ಊಟಕ್ಕೂ ಬಟ್ಟೆಗೂ ಹೇಗೆ ಹಂಚಬೇಕು ಎಂಬ ಲೆಕ್ಕ ನಂಜಮ್ಮನ ತಲೆಯಲ್ಲಿ ಹಗಲಿರುಳು ಓಡುತ್ತಿರುತ್ತದೆ. ಸಾವು ಬರುವ ಮೊದಲೇ ಆ ಮನೆ ಎಷ್ಟು ಸಲ ಮುರಿಯುವುದರಲ್ಲಿತ್ತು, ಎಷ್ಟು ಸಲ ಆ ಕೈಗಳು ಅದನ್ನು ಎತ್ತಿ ನಿಲ್ಲಿಸಿದವು ಎಂಬುದು ಎರಡನೆಯ ಓದಿಗೇ ಸಿಗುವುದು.

ಅದು ಮುಗಿದ ಮೇಲೆ ಅವರ ಆತ್ಮಕತೆ ‘ಭಿತ್ತಿ’ಯನ್ನು ಓದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಆ ಹುಡುಗ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡದ್ದು ಅಲ್ಲಿದೆ. ಓದಿ ‘ಗೃಹಭಂಗ’ಕ್ಕೆ ತಿರುಗಿ ಬಂದರೆ, ಕೊನೆಯಲ್ಲಿ ಮಹಾದೇವಯ್ಯನವರ ಹಿಂದೆ ಹೊರಡುವ ವಿಶ್ವ ಎಂಬ ಮಗು ಯಾರೆಂದು ನಿನಗೆ ಯಾರೂ ಹೇಳಬೇಕಾಗುವುದಿಲ್ಲ.

ಕಾರಂತರ ‘ಮರಳಿ ಮಣ್ಣಿಗೆ’ಯೂ ಹೀಗೆಯೇ. ನೀನು ಪಿಯುಸಿಯಲ್ಲಿದ್ದಾಗ ಅದನ್ನು ಓದಿ ನನ್ನ ಹತ್ತಿರ ಮಾತಾಡಿದ್ದು ಮೊಮ್ಮಗ ರಾಮನ ಬಗ್ಗೆ. ಓದಿದ್ದಾನೆ, ಕೆಲಸವಿಲ್ಲ, ಚಳವಳಿಗೆ ಹೋಗುತ್ತಾನೆ, ಪಟ್ಟಣ ಸುತ್ತಿ ಕೊನೆಗೆ ಕೋಡಿಯ ಮಣ್ಣಿಗೆ ಮರಳುತ್ತಾನೆ. ಆ ವಯಸ್ಸಿಗೆ ಅವನೇ ಹತ್ತಿರದವನು, ಸರಿಯೇ. ಈಗ ನಿನಗೂ ಇಪ್ಪತ್ತಾರು ಆಯಿತು. ಅವನ ಅಜ್ಜನ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗು. ಅಲ್ಲಿ ರಾಮ ಐತಾಳರ ವಿಧವೆ ತಂಗಿ ಸರಸೋತಿ ಇದ್ದಾಳೆ, ಹೆಂಡತಿ ಪಾರೋತಿ ಇದ್ದಾಳೆ. ಮಕ್ಕಳಾಗಲಿಲ್ಲವೆಂದು ಐತಾಳರು ಎರಡನೆಯ ಮದುವೆ ಮಾಡಿಕೊಂಡು ಸತ್ಯಭಾಮೆಯನ್ನು ತರುತ್ತಾರೆ. ಆ ದಿನದಿಂದ ಪಾರೋತಿ ಆ ಮನೆಯಲ್ಲಿ ಹೇಗೆ ಉಸಿರಾಡಿದಳು ಎಂಬುದನ್ನು ನೋಡು. ಕಾರಂತರು ಕಣ್ಣೀರಿಳಿಸುವ ಮಾತು ಬರೆಯುವುದೇ ಇಲ್ಲ. ಗದ್ದೆ, ಕೊಟ್ಟಿಗೆ, ಒಲೆ, ಮಳೆ ಎಂದು ಬರೆದುಕೊಂಡು ಹೋಗುತ್ತಾರೆ. ಆ ಕೆಲಸಗಳ ನಡುವೆಯೇ ಅವಳ ಸಂಕಟ ಕೂತಿರುತ್ತದೆ, ಹುಡುಕುವವರಿಗೆ ಸಿಗುತ್ತದೆ. ಆಮೇಲೆ ಸೊಸೆಯಾಗಿ ಬರುವ ನಾಗವೇಣಿ. ಗಂಡ ಲಚ್ಚ ಮನೆಮಾರು ಹಾಳು ಮಾಡಿ, ಇವಳ ಬದುಕನ್ನೂ ಹಾಳು ಮಾಡಿದ ಮೇಲೆ ಮಗನನ್ನು ಸಾಕುವ ಹೊಣೆ ಇವಳ ಹೆಗಲಿಗೇ ಬೀಳುತ್ತದೆ. ಮೂರು ತಲೆಮಾರಿನ ಕತೆ ಎಂದು ಎಲ್ಲರೂ ಹೇಳುತ್ತಾರೆ. ಗಂಡಸರ ತಲೆಮಾರು ಎಣಿಸಿ ಹೇಳುವ ಮಾತು ಅದು. ಆ ಮೂರನ್ನೂ ಹೊತ್ತು ದಾಟಿಸಿದ ಹೆಂಗಸರ ಕತೆ ಎಂದು ಓದಿನೋಡು, ಪುಸ್ತಕದ ತೂಕವೇ ಬೇರೆಯಾಗುತ್ತದೆ.

ದೇವನೂರ ಮಹಾದೇವರ ‘ಒಡಲಾಳ’ವನ್ನು ನೀನು ಅರ್ಧಕ್ಕೆ ಬಿಟ್ಟಿದ್ದೆ, ಭಾಷೆ ಕಷ್ಟ ಎಂದು. ಅದಕ್ಕೆ ಮದ್ದು ಇದೆ. ಬಾಯಿಬಿಟ್ಟು ಓದು. ಅದು ನಂಜನಗೂಡು ಸೀಮೆಯವರ ಬಾಯಿಮಾತು, ಕಣ್ಣಿಗಿಂತ ಕಿವಿಗೆ ಬೇಗ ಒಲಿಯುತ್ತದೆ. ಹತ್ತು ಪುಟ ದಾಟುವಷ್ಟರಲ್ಲಿ ಸಾಕವ್ವ ನಿನ್ನ ಪಕ್ಕದಲ್ಲೇ ಕೂತು ಮಾತಾಡುತ್ತಿರುತ್ತಾಳೆ. ಚಿಕ್ಕ ಪುಸ್ತಕ, ಒಂದು ರಜೆಯ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮುಗಿಯುತ್ತದೆ ಎಂದೇ ಇನ್ನೊಮ್ಮೆ ಓದಬೇಕು. ಅದರಲ್ಲಿ ಒಂದು ರಾತ್ರಿಯಿದೆ. ಕದ್ದು ತಂದ ಕಡಲೆಕಾಯಿ ಮೂಟೆಯ ಸುತ್ತ ಇಡೀ ಮನೆ ಕೂರುತ್ತದೆ, ತಿನ್ನುತ್ತದೆ, ತಿನ್ನುತ್ತಲೇ ಇರುತ್ತದೆ. ಮೊದಲ ಸಲ ನಾವು ಕಳ್ಳತನವನ್ನು ಓದುತ್ತೇವೆ, ಪೊಲೀಸರು ಬಂದು ಮನೆ ಜಾಲಾಡುವುದನ್ನು ಉಸಿರು ಬಿಗಿಹಿಡಿದು ಓದುತ್ತೇವೆ. ಇನ್ನೊಮ್ಮೆ ಓದುವಾಗ ಸಿಗುವುದು ಆ ರಾತ್ರಿಯ ಸಂತೋಷ. ಹಗಲೆಲ್ಲ ಒಬ್ಬರ ಮೇಲೊಬ್ಬರು ಹರಿಹಾಯುವ ಮನೆಯವರು, ಹೊಟ್ಟೆ ತುಂಬುತ್ತ ಬಂದ ಹಾಗೆ, ಎಷ್ಟು ಮೆತ್ತಗಾಗುತ್ತಾರೆ! ಹಸಿವಿನ ಬಗ್ಗೆ ಸಾವಿರ ಪುಟದ ವರದಿ ಬರೆಯಬಹುದು. ಆ ಕೆಲವು ಪುಟಗಳು ಹೇಳಿದ್ದನ್ನು ಅದು ಹೇಳಲಾರದು. ಗೋಡೆಯ ಮೇಲೆ ಪುಟ್ಟಗೌರಿ ಬರೆಯುವ ನವಿಲನ್ನೂ ಮರೆಯಬೇಡ. ಕಥೆ ಓಡುವಾಗ ಅದು ಬರಿಯ ಚಿತ್ರ, ನಿಂತು ನೋಡಿದರೆ ಆ ಮನೆಯಲ್ಲಿ ಯಾರೂ ಕಿತ್ತುಕೊಳ್ಳಲಾಗದ ಒಂದೇ ಆಸ್ತಿ.

ಹಳೆಯದನ್ನೇ ಓದು ಎಂದೂ ನಾನು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನೀನು ಮೊದಲು ತರಿಸಿಕೊಂಡದ್ದು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’. ಒಳ್ಳೆಯ ಕೆಲಸ ಅದು, ಓದಿದ್ದು ಸರಿ. ಈಗ ಅದೇ ಕತೆಗಳನ್ನು ಕನ್ನಡದಲ್ಲಿ ಓದು. ಹಾಸನದಲ್ಲಿ ವಕೀಲಿಕೆ ಮಾಡಿಕೊಂಡು, ಬಂಡಾಯದ ಕಾಲದಿಂದ ಬರೆದುಕೊಂಡು ಬಂದ ಹೆಂಗಸು ಅವರು. ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ ಬಂದದ್ದು 1990ರಲ್ಲಿ, ನೀನು ಇನ್ನೂ ಹುಟ್ಟಿರಲಿಲ್ಲ. ನಮ್ಮಂಥವರಿಗೆ ಬೂಕರ್ ಎಂದರೆ ಹಳೆಯ ಕತೆಗಳನ್ನು ಮತ್ತೆ ಕೈಗೆತ್ತಿಕೊಳ್ಳಲು ಬಂದ ಕರೆ. ‘ಎದೆಯ ಹಣತೆ’ಯಲ್ಲಿ ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮರ್ಯಾದೆಯ ಮಾತಾಡಿ ಅವಳನ್ನು ಗಂಡನ ಮನೆಗೇ ವಾಪಸು ಕರೆತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಮೊದಲ ಸಲ ನಮ್ಮ ಜೀವವೆಲ್ಲ ಮೆಹರುನ್ ಮೇಲೆಯೇ ಇರುತ್ತದೆ. ಮತ್ತೆ ಓದುವಾಗ ಹಿರಿಮಗಳು ಸಲ್ಮಾಳ ಮೇಲೆ ಕಣ್ಣಿಡು. ತಾಯಿಯ ಮುಖವನ್ನು ಓದಲು ಕಲಿತ ಹುಡುಗಿ ಅವಳು. ಇಂಥ ಹುಡುಗಿಯರು ಎಷ್ಟು ಮನೆಗಳಲ್ಲಿ ನಿದ್ದೆಗೆಟ್ಟು ಬೆಳೆಯುತ್ತಿದ್ದಾರೆ ಎಂದು ಯೋಚಿಸಿದಾಗ ನನಗೆ ಎದೆ ಕಿವುಚಿದಂತಾಯಿತು. ಆ ಕತೆಯನ್ನು ಒಂದೇ ಸಲ ಓದಿ ಪಕ್ಕಕ್ಕಿಟ್ಟರೆ ಸಲ್ಮಾಳಿಗೆ ಅನ್ಯಾಯ ಮಾಡಿದ ಹಾಗೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನಿನಗೆ ಇಷ್ಟವಾದ ಪುಸ್ತಕ, ನನಗೂ. 2013ರಲ್ಲಿ ಬಂದದ್ದು. ಅದನ್ನು ಮತ್ತೆ ಓದಲೇಬೇಕಾದ ಕಾರಣವೇ ಬೇರೆ. ಅಲ್ಲಿ ಕತೆ ಹೇಳುವವನು ಸಂಭಾವಿತ. ಕಾಫಿ ಹೌಸಿನಲ್ಲಿ ಕೂತು, ಇರುವೆ ತುಂಬಿದ ಹಳೆಯ ಮನೆಯಿಂದ ಶುರುಮಾಡಿ, ಚಿಕ್ಕಪ್ಪನ ಸೋನಾ ಮಸಾಲೆಯ ವ್ಯಾಪಾರ ಕುದುರಿ ಮನೆಗೆ ದುಡ್ಡು ಬಂದ ಬಗೆಯನ್ನು ಇಂಪಾಗಿ ಹೇಳುತ್ತಾನೆ. ನಾವು ಅವನನ್ನು ನಂಬಿ ಹಿಂದೆ ಹೋಗುತ್ತೇವೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆಂದೇ ಅಡುಗೆ ಮಾಡಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ, ನೆನಪಿದೆಯಾ? ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುವಾಗ ಇವನು ಏನು ಮಾಡುತ್ತಿದ್ದ? ಹೆಂಡತಿ ಅನಿತಾ ನ್ಯಾಯ ಕೇಳಿದಾಗ ಎಲ್ಲಿ ನೋಡುತ್ತಿದ್ದ? ಈ ಎರಡು ಪ್ರಶ್ನೆ ಹಿಡಿದು ಮೊದಲ ಪುಟದಿಂದ ಹೊರಡು. ಕೊನೆಯ ಪುಟದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಿನ್ನ ಸುತ್ತಲಿನ ಸಂಭಾವಿತರನ್ನು ಅಳೆಯುವ ಒಂದು ಅಳತೆಗೋಲು ಆ ಪುಸ್ತಕದಲ್ಲಿದೆ. ಮದುವೆಯ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ ಅದು ನಿನ್ನ ಕೈಯಲ್ಲಿರಲಿ ಎಂಬುದು ನನ್ನ ಆಸೆ.

ತ್ರಿವೇಣಿಯವರನ್ನು ಹಳೆಕಾಲದವರೆಂದು ಬದಿಗಿಡಬೇಡ. ‘ಶರಪಂಜರ’ ಎಂದೊಡನೆ ಎಲ್ಲರಿಗೂ 1971ರ ಸಿನಿಮಾ, ಕಲ್ಪನಾ ಅವರ ಮುಖ ನೆನಪಾಗುತ್ತದೆ. ಕಾದಂಬರಿಯನ್ನೇ ಓದು. ಮನಸ್ಸಿನ ಕಾಯಿಲೆ ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಕಾವೇರಿಯನ್ನು ಅಕ್ಕಪಕ್ಕದವರೂ ಮನೆಯವರೂ ವಾಸಿಯಾಗಿರಲು ಬಿಡುವುದಿಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ನಲವತ್ತೂ ತುಂಬುವ ಮೊದಲೇ ಹೋಗಿಬಿಟ್ಟರು. ಅಷ್ಟು ಸಣ್ಣ ವಯಸ್ಸಿನಲ್ಲಿ ಅಷ್ಟನ್ನು ಕಂಡಿದ್ದರಲ್ಲ ಎಂದು ನನಗೆ ಇಂದಿಗೂ ಬೆರಗು.

ದುಃಖದ್ದೇ ಆಯಿತು ಎನ್ನುತ್ತೀಯೇನೋ. ‘ಕರ್ವಾಲೊ’ ಇದೆ. ಹಾರುವ ಓತಿ ಸಿಗುತ್ತದೋ ಇಲ್ಲವೋ ಎಂಬ ಕುತೂಹಲ ಒಮ್ಮೆ ತೀರಿದ ಮೇಲೆ ಮೂಡಿಗೆರೆಯ ಆ ಮಂದಣ್ಣನನ್ನು ನಿಧಾನವಾಗಿ ನೋಡು. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ನಿಸರ್ಗತಜ್ಞ. ಅವನನ್ನು ಗುರುತಿಸುವ ಕಣ್ಣು ಕರ್ವಾಲೊಗೆ ಹೇಗೆ ಬಂತೆಂದು ಹುಡುಕುತ್ತ ಹೋದರೆ ತೇಜಸ್ವಿಯವರ ಅರ್ಧ ಬರವಣಿಗೆಗೆ ಬಾಗಿಲು ತೆರೆಯುತ್ತದೆ. ಮನಸ್ಸಿಗೆ ಬೇಸರವಾದಾಗಲೆಲ್ಲ ನಾನು ತೆಗೆಯುವ ಪುಸ್ತಕ ಅದು.

ಮತ್ತೆ ಓದಿದ್ದೆಲ್ಲ ಒಲಿಯುತ್ತದೆಂದು ತಿಳಿಯಬೇಡ. ಕಾಲೇಜಿನಲ್ಲಿ ನಾನು ಮುಗಿಬಿದ್ದು ಓದಿದ ಕೆಲವು ಕಾದಂಬರಿ ಈಗ ನಾಲ್ಕನೇ ಅಧ್ಯಾಯ ದಾಟಲಿಲ್ಲ. ಅಂಥವನ್ನು ಬಲವಂತವಾಗಿ ಎಳೆಯಬಾರದು. ಆ ವಯಸ್ಸಿಗೆ ಬೇಕಾದ್ದನ್ನು ಅವು ಕೊಟ್ಟಾಗಿದೆ, ಓದಲು ಕಾದಿರುವ ಯಾರಿಗಾದರೂ ಕೊಟ್ಟುಬಿಡು. ಉಳಿಸಿಕೊಂಡ ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ಓದಿದ ತಿಂಗಳು, ವರ್ಷ ಬರೆದಿಡು. ಮನಸ್ಸಿಗೆ ತಾಗಿದ ಕಡೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆ, ಪೆನ್ ಬೇಡ. ಲೈಬ್ರರಿಯ ಪುಸ್ತಕವಾದರೆ ಗೆರೆಯೂ ಬೇಡ, ಒಂದು ನೋಟ್‌ಬುಕ್ಕಿನಲ್ಲಿ ಪುಟಸಂಖ್ಯೆ ಬರೆದುಕೋ. ಐದು ವರ್ಷ ಬಿಟ್ಟು ನೋಡಿದಾಗ ಹಳೆಯ ಗೆರೆ ಒಂದು ಕಡೆ ಇರುತ್ತದೆ, ನಿನ್ನ ಮನಸ್ಸು ಇನ್ನೊಂದು ಸಾಲಿನ ಮೇಲೆ ನಿಂತಿರುತ್ತದೆ. ಆಗ ಹಳೆಯದನ್ನು ಅಳಿಸಬೇಡ, ಹೊಸ ಗೆರೆ ಎಳೆ. ದುಡ್ಡಿನ ಚಿಂತೆಯಿದ್ದರೆ ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿಗಳನ್ನು ಹುಡುಕು, ಬೇರೆಯವರ ಗೆರೆಗಳೂ ಜತೆಗೆ ಸಿಗುತ್ತವೆ.

ಹಬ್ಬಕ್ಕೆ ಬರುವಾಗ ಶಾನಭಾಗರ ‘ಸಕೀನಾಳ ಮುತ್ತು’ ತೆಗೆದುಕೊಂಡು ಬಾ. ನನ್ನ ಪ್ರತಿ ಯಾರ ಮನೆ ಸೇರಿತೋ ತಿಳಿಯದು, ಅದನ್ನು ಇನ್ನೊಮ್ಮೆ ಓದಬೇಕಾಗಿದೆ. ‘ಮರಳಿ ಮಣ್ಣಿಗೆ’ಯನ್ನು ಅಷ್ಟರೊಳಗೆ ಮುಗಿಸಿಕೊಂಡಿರು. ಪಾರೋತಿ ದೊಡ್ಡವಳೋ ಸರಸೋತಿ ದೊಡ್ಡವಳೋ ಎಂದು ನಿನ್ನಮ್ಮನಿಗೂ ನನಗೂ ವಾದ ನಡೆದೇ ಇದೆ, ನೀನು ಯಾರ ಕಡೆ ಎಂದು ಕೇಳುತ್ತೇವೆ.